ಬಾಕಿ ಹಣ ಕೇಳಿದರೆ ‘ಮುಂದಿನ ವಾರ’ ಎನ್ನುತ್ತಾರೆ, ವಸೂಲಿ ಹೇಗೆ?

ಪ್ರಶ್ನೆ: ಮಾಲು ತಲುಪಿಸಿ ಬಿಲ್ ಕೊಟ್ಟು ಮೂರು ತಿಂಗಳಾಯಿತು. ಕೇಳಿದಾಗಲೆಲ್ಲ ‘ಮುಂದಿನ ವಾರ’ ಎನ್ನುತ್ತಾರೆ. ಗಟ್ಟಿಯಾಗಿ ಕೇಳಿದರೆ ಆರ್ಡರ್ ತಪ್ಪಿಹೋದೀತೆಂಬ ಭಯ. ಏನು ಮಾಡಲಿ?

ಉತ್ತರ: ಒತ್ತಾಯಕ್ಕೆ ಇಳಿಯುವ ಮೊದಲು ಹಣ ಎಲ್ಲಿ ನಿಂತಿದೆ ಎಂದು ಪತ್ತೆಮಾಡಿ. ಎಷ್ಟೋ ಸಲ ಬಿಲ್ಲಿನಲ್ಲಿ ಪರ್ಚೇಸ್ ಆರ್ಡರ್ (ಮಾಲು ಬೇಕೆಂದು ಅವರು ಬರೆದುಕೊಟ್ಟ ಆರ್ಡರ್) ನಂಬರ್ ಬಿಟ್ಟುಹೋಗಿರುತ್ತದೆ, ಮಾಲು ತಲುಪಿದ್ದಕ್ಕೆ ಸಹಿ ಇರುವುದಿಲ್ಲ, ಆರ್ಡರಿನ ದರಕ್ಕೂ ಬಿಲ್ಲಿನ ದರಕ್ಕೂ ತಾಳೆಯಾಗುವುದಿಲ್ಲ. ಇಂಥ ಬಿಲ್ಲನ್ನು ಅಕೌಂಟ್ಸ್‌ನವರು ಪಕ್ಕಕ್ಕಿಟ್ಟುಬಿಡುತ್ತಾರೆ, ನಿಮಗೆ ತಿಳಿಸುವ ಗೋಜಿಗೂ ಹೋಗುವುದಿಲ್ಲ. ಹಾಗಾಗಿ ಮಾಲೀಕರಿಗಿಂತ ಮೊದಲು ಅಕೌಂಟ್ಸ್‌ಗೆ ಫೋನ್ ಮಾಡಿ, ‘ಈ ನಂಬರಿನ ಬಿಲ್ ಎಂಟ್ರಿ ಆಗಿದೆಯೇ, ಪಾಸ್ ಆಗಿದೆಯೇ?’ ಎಂದು ಕೇಳಿ. ಎಂಟ್ರಿಯೇ ಆಗಿಲ್ಲವೆಂದರೆ ಬಿಲ್ಲಿನ ಪ್ರತಿ ಅಂದೇ ಕಳಿಸಿ. ಪಾಸ್ ಆಗಿಲ್ಲವೆಂದರೆ ಯಾರ ಸಹಿ ಬಾಕಿ ಎಂದು ಕೇಳಿ ಅವರನ್ನೇ ಹಿಡಿಯಿರಿ. ಪಾಸ್ ಆಗಿಯೂ ಹಣ ಬರುತ್ತಿಲ್ಲವೆಂದರೆ ಅವರಲ್ಲಿ ದುಡ್ಡಿಲ್ಲ, ಇಲ್ಲವೇ ಗಟ್ಟಿಯಾಗಿ ಕೇಳುವವರಿಗೆ ಮೊದಲು ಕೊಡುತ್ತಿದ್ದಾರೆ.

ಆಗ ತಾರೀಖು ಹಿಡಿಯಬೇಕು. ಯಾವ ದಿನ, ಎಷ್ಟು ಮೊತ್ತ, ಯಾವ ಬಿಲ್ಲಿಗೆ ಎಂಬ ಮೂರನ್ನೂ ಅವರ ಬಾಯಿಂದಲೇ ಹೇಳಿಸಿ. ಫೋನ್ ಇಟ್ಟ ತಕ್ಷಣ ಮೇಲ್ ಹಾಕಿ: ‘ಈಗ ಮಾತಾಡಿದಂತೆ ಬಿಲ್ 118ರ ಪೂರ್ತಿ ಹಣ 14ನೇ ತಾರೀಖು ಹಾಕುತ್ತೇವೆ ಎಂದಿದ್ದೀರಿ. ಬೇರೆ ಏನಾದರೂ ಇದ್ದರೆ ಇವತ್ತೇ ತಿಳಿಸಿ.’ 14ಕ್ಕೆ ಬರಲಿಲ್ಲವೆಂದರೆ 15ರ ಬೆಳಿಗ್ಗೆಯೇ ಫೋನ್ ಮಾಡಿ. ಒಂದು ವಾರ ಬಿಟ್ಟು ಕೇಳಿದಿರೋ, ನಿಮ್ಮ ಗಡುವಿಗೆ ಬೆಲೆಯಿಲ್ಲವೆಂದು ಅವರಿಗೆ ಗೊತ್ತಾಗುತ್ತದೆ.

ಮಾಲಿನಲ್ಲಿ ದೋಷವಿದೆ ಎಂದು ತಕರಾರು ತೆಗೆದರೆ ಯಾವ ಐಟಂ, ಎಷ್ಟು ಮೊತ್ತ ಎಂದು ಬರವಣಿಗೆಯಲ್ಲಿ ಕೇಳಿ. ತಕರಾರಿಲ್ಲದ ಉಳಿದ ಹಣವನ್ನು ಈಗಲೇ ಕೊಡಿ ಎನ್ನಿ. ಆ ಹಣದ ಜೊತೆ ‘ಪೂರ್ತಿ ಲೆಕ್ಕ ಚುಕ್ತಾ’ ಎಂಬ ಒಕ್ಕಣೆ ಬಂದರೆ ವಕೀಲರನ್ನು ಕೇಳದೆ ಸ್ವೀಕರಿಸಬೇಡಿ, ಉಳಿದ ಬಾಕಿಯ ಹಕ್ಕೇ ಹೋದೀತು.

ನಿಜಕ್ಕೂ ಕೈ ಕಟ್ಟಿದೆ ಎನ್ನುವವರಿಗೆ ಕಂತು ಮಾಡಿಕೊಡಿ, ಆದರೆ ಬಾಯಿಮಾತಿನಲ್ಲಿ ಬೇಡ. ಒಟ್ಟು ಬಾಕಿ ಇಷ್ಟು ಎಂದು ಅವರು ಒಪ್ಪಿ ಸಹಿ ಹಾಕಬೇಕು, ಮೊದಲ ಕಂತು ಸಹಿಯ ದಿನವೇ ಬರಬೇಕು, ಒಂದು ಕಂತು ತಪ್ಪಿದರೂ ಉಳಿದದ್ದನ್ನೆಲ್ಲ ಒಟ್ಟಿಗೆ ಕೊಡಬೇಕೆಂಬ ಷರತ್ತು ಇರಬೇಕು. ಈ ಸಹಿಯಿಂದ ಇನ್ನೊಂದು ಲಾಭವಿದೆ. ಬಾಕಿಗಾಗಿ ದಾವೆ ಹೂಡಲು ಕಾನೂನಿನಲ್ಲಿ ಕಾಲಮಿತಿ ಇರುತ್ತದೆ. ಅವಧಿ ಮುಗಿಯುವ ಮೊದಲೇ ಸಾಲಗಾರ ಬರವಣಿಗೆಯಲ್ಲಿ ಬಾಕಿ ಒಪ್ಪಿಕೊಂಡರೆ ಹಲವು ದೇಶಗಳಲ್ಲಿ ಆ ಕಾಲಮಿತಿಯ ಲೆಕ್ಕ ಹೊಸದಾಗಿ ಶುರುವಾಗುತ್ತದೆ.

ಇನ್ನು ಆರ್ಡರ್ ತಪ್ಪುವ ಭಯ. ನಿಮ್ಮ ಲಾಭ ನೂರಕ್ಕೆ ಹತ್ತು ಎಂದಿಟ್ಟುಕೊಳ್ಳಿ. ಮುಳುಗಿದ ಒಂದು ಬಿಲ್ಲನ್ನು ಸರಿದೂಗಿಸಲು ಅದರ ಹತ್ತು ಪಟ್ಟು ವ್ಯಾಪಾರ ಮಾಡಬೇಕಾಗುತ್ತದೆ. ಹಳೆಯದು ಬಾಕಿಯಿರುವಾಗ ಹೊಸ ಮಾಲು ಕಳಿಸಿದರೆ ಅದೂ ಅದೇ ಗುಂಡಿಗೆ. ‘ಇಂಥ ತಾರೀಖಿನೊಳಗೆ ಬಾಕಿ ಬರದಿದ್ದರೆ ಸಪ್ಲೈ ನಿಲ್ಲಿಸುತ್ತೇವೆ’ ಎಂದು ಮೊದಲೇ ಬರೆದು ತಿಳಿಸಿ. ಹಾಗೆ ನಿಲ್ಲಿಸಲು ಒಪ್ಪಂದದಲ್ಲಿ ಅವಕಾಶವಿದೆಯೇ ನೋಡಿಕೊಳ್ಳಿ.

ಯಾವುದಕ್ಕೂ ಜಗ್ಗದಿದ್ದರೆ ಕೊನೆಯ ಪತ್ರ. ಬಿಲ್ ನಂಬರ್, ತಾರೀಖು, ಮೊತ್ತ, ನಿಮ್ಮ ಬ್ಯಾಂಕ್ ವಿವರ, 7ರಿಂದ 14 ದಿನದ ಗಡುವು, ಆಮೇಲೆ ಏನು ಮಾಡುತ್ತೀರಿ ಎಂಬುದು ಅದರಲ್ಲಿರಲಿ. ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಕಳಿಸಿ. ಒಪ್ಪಂದದಲ್ಲೋ ಕಾನೂನಿನಲ್ಲೋ ಇಲ್ಲದ ಬಡ್ಡಿ ಸೇರಿಸಬೇಡಿ. ಸೋಷಿಯಲ್ ಮೀಡಿಯಾದಲ್ಲಿ ಮಾನ ಕಳೆಯುವುದು, ಮನೆಯವರಿಗೆ ಫೋನ್ ಮಾಡುವುದು, ಬೆದರಿಸುವುದು ಬೇಡವೇ ಬೇಡ, ಕೇಸು ನಿಮ್ಮ ಮೇಲೇ ತಿರುಗುತ್ತದೆ. ಕೋರ್ಟಿಗೆ ಹೋಗುವ ಮುನ್ನ ಅವರ ಹೆಸರಿನಲ್ಲಿ ಆಸ್ತಿಯೋ ನಡೆಯುತ್ತಿರುವ ವ್ಯಾಪಾರವೋ ಇದೆಯೇ ವಿಚಾರಿಸಿ. ಏನೂ ಇಲ್ಲದವರ ಮೇಲೆ ತೀರ್ಪು ಬಂದರೂ ಕೈಗೆ ಹಣ ಬರುವುದಿಲ್ಲ, ವಕೀಲರ ಫೀಸು ಮೈಮೇಲೆ ಬರುತ್ತದೆ. ಅಂಥ ಕಡೆ ಸ್ವಲ್ಪ ಬಿಟ್ಟುಕೊಟ್ಟು ಉಳಿದದ್ದನ್ನು ಒಂದೇ ಗಂಟಿನಲ್ಲಿ ಪಡೆಯುವುದು ಮೇಲು.