ಮೂಗು ಸೀಟಿದರೆ ಕಪ್ಪು ಬರುತ್ತದೆ, ಶ್ವಾಸಕೋಶವೂ ಹಾಗೇ ಆಗಿರುತ್ತಾ?

ಪ್ರಶ್ನೆ: ದಿನಾ ಸಿಲ್ಕ್ ಬೋರ್ಡ್ ದಾಟಿ ಸ್ಕೂಟರ್‌ನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಸಂಜೆ ಮೂಗು ಸೀಟಿದರೆ ಕರ್ಚೀಫ್ ಕಪ್ಪಾಗುತ್ತದೆ. ಒಳಗೂ ಹೀಗೇ ಇರುತ್ತಾ?

ಕರ್ಚೀಫ್ ನೋಡಿ ಗಾಬರಿಯಾಗಬೇಡಿ. ಅದು ಒಳಗೆ ಹೋಗದೆ ಸಿಕ್ಕಿಬಿದ್ದ ಧೂಳು. ಮೂಗಿನ ಕೂದಲು, ಸಿಂಬಳ ಸೇರಿ ಬಾಗಿಲಲ್ಲೇ ಹಿಡಿದಿವೆ.

ಅಲ್ಲಿ ತಪ್ಪಿಸಿಕೊಂಡಿದ್ದಕ್ಕೆ ಶ್ವಾಸನಾಳದಲ್ಲಿ ಇನ್ನೊಂದು ಕಾವಲಿದೆ. ಅದರ ಒಳಗೋಡೆಗೆ ತೆಳ್ಳಗೆ ಲೋಳೆ ಮೆತ್ತಿಕೊಂಡಿರುತ್ತದೆ. ಲೋಳೆಯಡಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು. ಗಾಳಿಗೆ ರಾಗಿ ಪೈರು ಬಾಗಿದ ಹಾಗೆ, ಸೆಕೆಂಡಿಗೆ ಹತ್ತಾರು ಸಲ ಬಾಗಿ ಎದ್ದು, ಧೂಳು ಅಂಟಿದ ಲೋಳೆಯನ್ನು ಗಂಟಲಿಗೆ ತಳ್ಳುತ್ತವೆ. ನಾವು ಅದನ್ನು ಗೊತ್ತೇ ಆಗದೆ ನುಂಗುತ್ತಿರುತ್ತೇವೆ! ಸಿಗರೇಟಿನ ಹೊಗೆ ಕೆಡಿಸುವುದು ಈ ರೋಮಗಳನ್ನೇ. ಗುಡಿಸುವವರು ಕೈಬಿಟ್ಟ ಮೇಲೆ ಕಫ ತೆಗೆಯಲು ಕೆಮ್ಮೇ ಗತಿ, ಅಲ್ವಾ? ಸೇದುವವರು ಬೆಳಗೆದ್ದು ಖೊಕ್ ಖೊಕ್ ಅನ್ನುವುದು ಅದಕ್ಕೇ.

ಮುಂದೆ ಶ್ವಾಸನಾಳ ಎರಡಾಗಿ, ಎರಡು ನಾಲ್ಕಾಗಿ, ಸುಮಾರು 23 ಸಲ ಕವಲೊಡೆಯುತ್ತದೆ. ತುದಿಯಲ್ಲಿ ಪುಟಾಣಿ ಗಾಳಿಗೂಡುಗಳು, 30 ಕೋಟಿಗೂ ಜಾಸ್ತಿ. ಅವುಗಳ ಗೋಡೆ ತೀರಾ ತೆಳು, ಆಚೆ ಬದಿಗೆ ರಕ್ತ. ಆಕ್ಸಿಜನ್ ರಕ್ತಕ್ಕೆ ಇಳಿಯುವುದು, ಕಾರ್ಬನ್ ಡೈಆಕ್ಸೈಡ್ ಹೊರಬರುವುದು ಇಲ್ಲೇ. ಗುಡಿಸುವ ರೋಮ ಇಲ್ಲಿಲ್ಲ. ಧೂಳು ನುಂಗುವ ಕೆಲವು ಜೀವಕೋಶಗಳಿವೆ, ಅಷ್ಟೇ.

ಇಲ್ಲಿವರೆಗೂ ನುಸುಳುವುದು ಪಿಎಂ 2.5. ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ. ನಿಮ್ಮ ತಲೆಗೂದಲು ಇದರ ಇಪ್ಪತ್ತು ಮೂವತ್ತು ಪಟ್ಟು ದಪ್ಪ. ಡೀಸೆಲ್ ಹೊಗೆಯಲ್ಲಿ, ರಸ್ತೆ ಬದಿ ಕಸ ಸುಟ್ಟ ಹೊಗೆಯಲ್ಲಿ ಇದು ತುಂಬಿರುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ಸ್ವಲ್ಪ ಹೋಗಿರುತ್ತದೆ. ಸಿಟಿಯಲ್ಲಿ ಬಹಳ ವರ್ಷ ಇದ್ದವರ ಶ್ವಾಸಕೋಶದಲ್ಲಿ ಕಪ್ಪು ಚುಕ್ಕೆ ಕಾಣುವುದು ಮಾಮೂಲು. ಚುಕ್ಕೆಯೇ ಕಾಯಿಲೆಯಲ್ಲ. ಆದರೆ ಈ ಕಣಗಳು ಆಸ್ತಮಾ ಕೆರಳಿಸುತ್ತವೆ, ವರ್ಷಗಟ್ಟಲೆ ಆದರೆ ಹೃದಯಕ್ಕೂ ತೊಂದರೆ.

ಮೂಗಿಗೆ ಕರ್ಚೀಫ್ ಕಟ್ಟಿಕೊಂಡರೆ ಇದು ನಿಲ್ಲುವುದಿಲ್ಲ. ಎನ್95 ಮಾಸ್ಕ್ ಬೇಕು, ಅದೂ ಕೆನ್ನೆಗೆ ಬಿಗಿಯಾಗಿ ಕೂರಬೇಕು. ಕೆಮ್ಮು ಎರಡು ವಾರ ದಾಟಿದರೆ ಡಾಕ್ಟರಿಗೆ ತೋರಿಸಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಕಿಟಕಿ ಮುಚ್ಚಿ ಹಚ್ಚುವ ಸೊಳ್ಳೆ ಬತ್ತಿ, ಊದುಬತ್ತಿಯಿಂದ ಬರುವುದೂ ಇದೇ ಕಣ. ನಮ್ಮ ಮನೆಯ ಊದುಬತ್ತಿ ಈಗ ಬಾಲ್ಕನಿಯ ತುಳಸಿ ಕುಂಡಕ್ಕೆ ಹೋಗಿದೆ. ಅಮ್ಮನನ್ನು ಒಪ್ಪಿಸಲು ಎರಡು ವಾರ ಹಿಡಿಯಿತು.