ಕಪಾಟಿನೊಳಗಿನ ಖಾಲಿ ತೂತುಗಳು

ಈಚಿನ ಕಪಾಟಿನ ಬಾಗಿಲು ತೆರೆದರೆ ಎರಡೂ ಪಕ್ಕದ ಹಲಗೆಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ಸಾಲಾಗಿ ಕೊರೆದ ಸಣ್ಣ ತೂತುಗಳು ಕಾಣುತ್ತವೆ. ಬಹುಪಾಲು ಖಾಲಿಯೇ ಇರುವುದರಿಂದ ಅವು ನಿರುಪಯುಕ್ತವೆಂದು ಯಾರಿಗಾದರೂ ತೋರೀತು. ಆದರೆ ಇಂದು ಪುಸ್ತಕ ಹೊತ್ತ ಕಪಾಟು ನಾಳೆ ಬಟ್ಟೆಯ ಬೀರುವಾಗಲು ಸಾಧ್ಯವಾಗುವುದು ಈ ಖಾಲಿ ತೂತುಗಳಿಂದಲೇ.

ಪ್ರತಿ ತೂತಿನ ವ್ಯಾಸ 5 ಮಿ.ಮೀ., ಒಂದರ ನಡುವಿನಿಂದ ಮುಂದಿನದರ ನಡುವಿಗೆ 32 ಮಿ.ಮೀ., ಬಾಗಿಲ ಕಡೆಯ ಸಾಲು ಹಲಗೆಯ ಮುಂಭಾಗದ ಅಂಚಿನಿಂದ 37 ಮಿ.ಮೀ. ಒಳಗೆ. ಎರಡನೆಯ ಮಹಾಯುದ್ಧದ ನಂತರ ಜರ್ಮನಿಯಲ್ಲಿ ರೂಪುಗೊಂಡ ಈ ಪದ್ಧತಿಯ 32 ಎಂಬ ವಿಚಿತ್ರ ಅಂಕಿ ಯಾರ ಸೌಂದರ್ಯದೃಷ್ಟಿಯಿಂದಲೂ ಬಂದದ್ದಲ್ಲ: ಏಕಕಾಲಕ್ಕೆ ಹಲವು ತೂತು ಕೊರೆಯುವ ಯಂತ್ರದಲ್ಲಿ ಬೈರಿಗೆಗಳನ್ನು ತಿರುಗಿಸುವ ಹಲ್ಲುಚಕ್ರಗಳನ್ನು ಅದಕ್ಕಿಂತ ಒತ್ತೊತ್ತಾಗಿ ಕೂರಿಸಲು ಆಗುತ್ತಿರಲಿಲ್ಲವೆಂದು ಹೇಳುತ್ತಾರೆ. ಯಂತ್ರದ ಆ ಬಿಗಿತವೇ ಮುಂದೆ ಬಳಕೆದಾರನ ಸ್ವಾತಂತ್ರ್ಯವಾಯಿತು. ಅಡ್ಡಹಲಗೆಯ ಗೂಟ, ಡ್ರಾಯರಿನ ಹಳಿ, ಬಾಗಿಲಿನ ತಿರುಗಣಿಯ ತಟ್ಟೆ ಎಲ್ಲವೂ ಇದೇ ಅಳತೆಗೆ ಹೊಂದಿಕೊಂಡಿರುವುದರಿಂದ, ಬೇರೆ ಬೇರೆ ಕಾರ್ಖಾನೆಗಳಲ್ಲಿ ತಯಾರಾದರೂ ಅವು ಒಂದೇ ಸಾಲಿನ ತೂತುಗಳಲ್ಲಿ ಕೂರುತ್ತವೆ.

ಇಷ್ಟು ಕರಾರುವಾಕ್ಕಾದ ಅಳತೆಯನ್ನು ಅಗಲವಾದ ಹಲಸಿನ ಹಲಗೆಯಿಂದ ನಿರೀಕ್ಷಿಸುವುದು ಕಷ್ಟ, ಏಕೆಂದರೆ ಮರವು ಮಳೆಗಾಲದ ತೇವ ಹೀರಿ ನಾರಿನ ಅಡ್ಡಕ್ಕೆ ಹಿಗ್ಗಿ, ಬೇಸಗೆಯಲ್ಲಿ ಕುಗ್ಗುತ್ತದೆ. ಪ್ಲೈವುಡ್ಡಿನಲ್ಲಾದರೆ ಒಂದು ಪದರದ ನಾರು ಮುಂದಿನದಕ್ಕೆ ಅಡ್ಡಲಾಗಿ ಅಂಟಿರುವ ಕಾರಣ ಪದರಗಳು ಒಂದನ್ನೊಂದು ಹಿಡಿದಿಡುತ್ತವೆ. ಮರದ ಪುಡಿಯನ್ನು ಒತ್ತಿ ಮಾಡಿದ ಅಗ್ಗದ ಹಲಗೆಯ ದೌರ್ಬಲ್ಯ ಬೇರೆ: ಅದೇ ಸ್ಕ್ರೂವನ್ನು ನಾಲ್ಕಾರು ಬಾರಿ ಬಿಚ್ಚಿ ಬಿಗಿದರೆ ತೂತಿನೊಳಗೆ ಸ್ಕ್ರೂ ಕಚ್ಚಿ ಹಿಡಿಯುವ ಸುರುಳಿ ಗೀರು ಪುಡಿಯಾಗುತ್ತದೆ. ಬಿಚ್ಚಿ ಜೋಡಿಸುವ ಉದ್ದೇಶವಿದ್ದಲ್ಲಿ ಸ್ಕ್ರೂ ಕೂರಲು ತೂತಿನೊಳಗೆ ಲೋಹದ ಒಳಗವಸು ಹಾಕಿಸುವ ಖರ್ಚು, ನನ್ನ ಮಟ್ಟಿಗೆ, ಹೊರಗಿನ ಹೊಳಪಿಗಿಂತ ಮುಖ್ಯ.

ಕಪಾಟಿನಂತೆಯೇ ಬೇಕಾದಂತೆ ರೂಪ ಬದಲಿಸುವ ಇನ್ನೊಂದು ಪೀಠೋಪಕರಣವಾದ, ಗೋಡೆಗೆ ಮಡಚುವ ಮಂಚದಲ್ಲಿ ಸಮಸ್ಯೆ ಜೋಡಣೆಯದಲ್ಲ, ಭಾರದ್ದು. ಹಾಸಿಗೆಯೂ ಸೇರಿ 40 ಕಿಲೋ ತೂಗುವ ಮಂಚದ ಗುರುತ್ವಕೇಂದ್ರ ತಿರುಗಣಿಯಿಂದ 1 ಮೀಟರ್ ದೂರವಿದೆಯೆಂದುಕೊಳ್ಳೋಣ. ಮಂಚ ಅಡ್ಡಲಾಗಿರುವಾಗ ತಿರುಗಣಿಯ ಸುತ್ತ ಸುಮಾರು 400 ನ್ಯೂಟನ್-ಮೀಟರ್ ತಿರುಗುಬಲ ಉಂಟಾಗುತ್ತದೆ. 60 ಡಿಗ್ರಿ ಎತ್ತಿದಾಗ ಅದು ಅರ್ಧಕ್ಕಿಳಿದು, ನೇರ ನಿಂತಾಗ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಆದ್ದರಿಂದ ಮಂಚ ಎತ್ತಲು ನೆರವಾಗುವ ಸ್ಪ್ರಿಂಗ್ ಅಥವಾ ಗ್ಯಾಸ್ ದಂಡ (ಒಳಗೆ ಒತ್ತಿಟ್ಟ ಅನಿಲದಿಂದ ತಳ್ಳುವ ದಂಡ) ಎಲ್ಲ ಕೋನಗಳಲ್ಲೂ ಒಂದೇ ಸಮನೆ ಎತ್ತಿದರೆ ಸಾಲದು. ಮಂಚದ ತಿರುಗುಬಲ ಇಳಿಯುತ್ತ ಹೋದಂತೆ ಅದರ ನೆರವೂ ಇಳಿಯುವ ಹಾಗೆ ದಂಡದ ತುದಿಗಳನ್ನು ಕೂರಿಸುವ ಜಾಗವನ್ನು ಲೆಕ್ಕ ಹಾಕಬೇಕು. ಈ ಲೆಕ್ಕದಲ್ಲಿ ಹಾಸಿಗೆಯ ತೂಕವೂ ಸೇರಿರುವುದರಿಂದಲೇ, ಹಾಸಿಗೆ ತೆಗೆದ ಮಂಚದ ಚಿಲಕ ಕಳಚಿದರೆ ಅದು ತಾನಾಗಿಯೇ ಗೋಡೆಯತ್ತ ಚಿಮ್ಮುವ ಸಂಭವವಿರುತ್ತದೆ.