ಪಪೆಟ್ ರನ್ ನಿಧಾನವಾದಾಗ: ಫೈಲ್ ಪರ್ಮಿಷನ್ ಟಿಪ್ಪಣಿ

ಬೆಳಗಾವಿಯಲ್ಲಿ ಲಿನಕ್ಸ್ ಕಲಿಯುತ್ತಿರುವ ಗೆಳೆಯರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ. ಪಪೆಟ್ ಅಂದರೆ, ಸರ್ವರ್ ಹೇಗಿರಬೇಕು ಅಂತ ಬರೆದಿಟ್ಟರೆ ಆಗಾಗ ಓಡಿ ಅದನ್ನು ಹಾಗೇ ಇಡುವ ಸಾಫ್ಟ್‌ವೇರ್. ಅದರ ಒಂದು ಓಟವೇ ರನ್. ಉದಾಹರಣೆಗೆ ಉದ್ಯಮಬಾಗದ ಒಂದು ಫೌಂಡ್ರಿಯ ಸರ್ವರ್ ಅಂದುಕೊಳ್ಳಿ. ಎರಕದ ಡ್ರಾಯಿಂಗ್ ಫೈಲ್‌ಗಳು ವರ್ಷಗಟ್ಟಲೆ ಸೇರುತ್ತಲೇ ಇವೆ, ಹಳೆಯದನ್ನು ಯಾರೂ ಅಳಿಸುವುದಿಲ್ಲ. ಆ ಫೋಲ್ಡರ್‌ನ ಓನರ್, ಗ್ರೂಪ್, ಮೋಡ್ (ಯಾರು ಓದಬಹುದು, ಬರೆಯಬಹುದು ಅನ್ನುವ ಅನುಮತಿ) ಸರಿ ಇರಲಿ ಅಂತ ಪಪೆಟ್‌ನಲ್ಲಿ ಒಂದು ಫೈಲ್ ರಿಸೋರ್ಸ್ (ಒಂದು ಫೈಲ್ ಅಥವಾ ಫೋಲ್ಡರ್ ಹೇಗಿರಬೇಕು ಅನ್ನುವ ನಮೂದು) ಬರೆದು, ಒಳಗಿರುವ ಎಲ್ಲದಕ್ಕೂ ಅನ್ವಯವಾಗಲಿ ಅಂತ ರಿಕರ್ಸ್ ಟ್ರೂ ಮಾಡಿದ್ದಾರೆ. ಫೈಲ್ ಲಕ್ಷ ದಾಟಿದ ಮೇಲೆ ರನ್ ತೆವಳುತ್ತದೆ.

ಏನೂ ಬದಲಾಗದ ದಿನವೂ ಅಷ್ಟೇ ಹೊತ್ತು ಯಾಕೆ? ಕ್ಯಾಟಲಾಗ್‌ನಲ್ಲಿ (ಈ ಸರ್ವರ್‌ಗೆ ಅನ್ವಯವಾಗುವ ರಿಸೋರ್ಸ್‌ಗಳ ಪಟ್ಟಿ) ಈ ಫೋಲ್ಡರ್‌ಗೆ ಇರುವುದು ಒಂದೇ ರಿಸೋರ್ಸ್. ಆದರೆ ರನ್ ಶುರುವಾದಾಗ ಏಜೆಂಟ್ (ಸರ್ವರ್‌ನಲ್ಲೇ ಓಡುವ ಪಪೆಟ್‌ನ ಭಾಗ) ಆ ಫೋಲ್ಡರ್ ಒಳಗೆ ಹೋಗಿ, ಒಂದೊಂದು ಫೈಲ್‌ಗೂ ಒಂದೊಂದು ರಿಸೋರ್ಸ್ ಹುಟ್ಟಿಸುತ್ತದೆ. ಲಕ್ಷ ಫೈಲ್ ಇದ್ದರೆ ಮೆಮೊರಿಯಲ್ಲಿ ಲಕ್ಷ ರಿಸೋರ್ಸ್. ಪ್ರತಿಯೊಂದನ್ನೂ ಹೋಲಿಸಿ ನೋಡಬೇಕು. ತಿದ್ದುವ ಕೆಲಸ ಇಲ್ಲದಿದ್ದರೂ ನೋಡುವ ಕೆಲಸ ತಪ್ಪುವುದಿಲ್ಲ. ಏಜೆಂಟ್ ಮಾಮೂಲಾಗಿ 30 ನಿಮಿಷಕ್ಕೊಮ್ಮೆ ಓಡುತ್ತದೆ, ಅಂದರೆ ದಿನಕ್ಕೆ 48 ಸಲ ಇದೇ ಪಾಡು. ಹೊಸ ಆವೃತ್ತಿಗಳು ಫೋಲ್ಡರ್‌ನಲ್ಲಿ 1000ಕ್ಕಿಂತ ಜಾಸ್ತಿ ಫೈಲ್ ಕಂಡರೆ ಎಚ್ಚರಿಕೆ ಕೊಡುತ್ತವೆ. ಅದನ್ನು ಸುಮ್ನೆ ದಾಟಿ ಹೋಗಬೇಡಿ.

ಪತ್ತೆ ಮಾಡಲು ಏಜೆಂಟನ್ನು ಇವ್ಯಾಲ್‌ಟ್ರೇಸ್ ಆಯ್ಕೆ ಕೊಟ್ಟು ಓಡಿಸಿ. ಪ್ರತಿ ರಿಸೋರ್ಸ್‌ಗೆ ಎಷ್ಟು ಸೆಕೆಂಡ್ ಹಿಡಿಯಿತು ಅಂತ ಬರುತ್ತದೆ. ಹೆಚ್ಚು ಹೊತ್ತು ತಿಂದ ಸಾಲನ್ನು ಹುಡುಕುವುದು ಎಲ್ಲರ ಅಭ್ಯಾಸ. ಇಲ್ಲಿ ಅದು ದಾರಿ ತಪ್ಪಿಸುತ್ತದೆ, ಯಾಕೆಂದರೆ ಒಂದೊಂದು ಫೈಲ್‌ನ ಮುಂದೆ 0.00 ಅಂತಲೇ ಇರುತ್ತದೆ. ಸೆಕೆಂಡ್ ಬಿಡಿ, ಸಾಲುಗಳನ್ನು ಎಣಿಸಿ. ಯಾವ ಫೋಲ್ಡರ್ ಹೆಸರು ಸಾವಿರಾರು ಸಲ ಬಂದಿದೆಯೋ ಅದೇ ಕಾರಣ.

ಪರಿಹಾರವಾಗಿ ರಿಕರ್ಸ್ ತೆಗೆದು, ಫೈಲ್ ಹುಡುಕುವ ಫೈಂಡ್ ಕಮಾಂಡ್ ಇರುವ ಎಕ್ಸೆಕ್ (ಕಮಾಂಡ್ ಓಡಿಸುವ ರಿಸೋರ್ಸ್) ಹಾಕುತ್ತಾರೆ. ಓನರ್ ತಪ್ಪಿರುವ ಫೈಲ್ ಇದ್ದರೆ ಮಾತ್ರ ಚೌನ್ (ಓನರ್ ಬದಲಿಸುವ ಕಮಾಂಡ್) ಓಡಲಿ ಅಂತ, ಎಕ್ಸೆಕ್‌ಗೆ ಷರತ್ತು ಹಾಕುವ ಓನ್ಲಿಇಫ್‌ನಲ್ಲಿ ಫೈಂಡ್ ಬರೆಯುತ್ತಾರೆ. ಆದರೂ ಎಕ್ಸೆಕ್ ಪ್ರತಿ ಸಲ ಓಡುತ್ತದೆ! ಇದನ್ನು ನಿಧಾನವಾಗಿ ನೋಡೋಣ. ಓನ್ಲಿಇಫ್ ಕಮಾಂಡ್‌ನ ಔಟ್‌ಪುಟ್ ಓದುವುದಿಲ್ಲ, ಎಕ್ಸಿಟ್ ಕೋಡ್ (ಕಮಾಂಡ್ ಮುಗಿದಾಗ ಬಿಟ್ಟುಹೋಗುವ ಸಂಖ್ಯೆ) ಮಾತ್ರ ನೋಡುತ್ತದೆ. 0 ಬಂದರೆ ಓಡಿಸು ಅಂತ ಅರ್ಥ. ಫೈಂಡ್‌ನ ಲೆಕ್ಕ ಬೇರೆ. ಏನೂ ಸಿಗದಿದ್ದರೂ, ಹುಡುಕಾಟ ದೋಷವಿಲ್ಲದೆ ಮುಗಿದರೆ ಅದು 0 ಕೊಡುತ್ತದೆ. ‘ಹುಡುಕಿದೆ, ಇಲ್ಲ’ ಅನ್ನುವುದೂ ಅದಕ್ಕೆ ಯಶಸ್ಸೇ. ಹಾಗಾಗಿ ಫೈಂಡ್‌ನ ಔಟ್‌ಪುಟ್ಟನ್ನು ಪೈಪ್ ಮೂಲಕ ಗ್ರೆಪ್‌ಗೆ ಕೊಡಿ. ಗ್ರೆಪ್‌ಗೆ (ಸಾಲುಗಳಲ್ಲಿ ಪದ ಹುಡುಕುವ ಕಮಾಂಡ್) ಏನೂ ಮುದ್ರಿಸದಿರುವ ಕ್ಯೂ ಆಯ್ಕೆ, ಹುಡುಕಲು ‘ಯಾವ ಅಕ್ಷರವಾದರೂ ಸರಿ’ ಅನ್ನುವ ಒಂದು ಚುಕ್ಕೆ ಸಾಕು. ಒಂದು ಸಾಲಾದರೂ ಬಂದರೆ ಗ್ರೆಪ್ 0 ಕೊಡುತ್ತದೆ, ಬರದಿದ್ದರೆ 1. ಫೈಂಡ್‌ನಲ್ಲಿ ಪ್ರಿಂಟ್ ಆದಮೇಲೆ ಕ್ವಿಟ್ ಸೇರಿಸಿ, ತಪ್ಪಿರುವ ಮೊದಲ ಫೈಲ್ ಸಿಕ್ಕ ಕೂಡಲೇ ಅದು ನಿಲ್ಲುತ್ತದೆ. ಎಲ್ಲ ಸರಿ ಇದ್ದಾಗ ಪೂರ್ತಿ ಸುತ್ತಲೇಬೇಕು, ನಿಜ. ಆದರೆ ಲಕ್ಷ ರಿಸೋರ್ಸ್ ಹುಟ್ಟಿಸುವ ಭಾರ ಇರುವುದಿಲ್ಲ.

ತಿದ್ದುವಾಗ ಇಡೀ ಮರಕ್ಕೆ ಚೌನ್ ಬಿಡಬೇಡಿ, ತಪ್ಪಿರುವ ಫೈಲ್‌ಗಳಿಗೆ ಮಾತ್ರ ಬಿಡಿ. ಓನರ್ ಸರಿಯಿದ್ದ ಫೈಲ್‌ಗೂ ಚೌನ್ ಮಾಡಿದರೆ ಅದರ ಸಿಟೈಮ್ (ಫೈಲ್‌ನ ಓನರ್, ಮೋಡ್ ಮುಂತಾದ ವಿವರ ಕೊನೆಗೆ ಬದಲಾದ ಸಮಯ) ಬದಲಾಗುತ್ತದೆ. ಸಿಟೈಮ್ ನೋಡುವ ಬ್ಯಾಕಪ್ ಸಾಫ್ಟ್‌ವೇರ್ ಅಷ್ಟನ್ನೂ ಬದಲಾದ ಫೈಲ್ ಅಂದುಕೊಳ್ಳಬಹುದು.

ಮೋಡ್ ವಿಷಯದಲ್ಲಿ ಇನ್ನೊಂದು ಎಚ್ಚರ. 0640 (ಓನರ್ ಓದಿ ಬರೆಯಬಹುದು, ಗ್ರೂಪ್ ಓದಬಹುದು, ಉಳಿದವರಿಗೆ ಏನೂ ಇಲ್ಲ) ಅಂತ ಬರೆದರೆ ಪಪೆಟ್ ಫೋಲ್ಡರ್‌ಗಳಿಗೆ, ಓದುವ ಬಿಟ್ ಇರುವಲ್ಲೆಲ್ಲ ಒಳಹೋಗುವ ಬಿಟ್ಟನ್ನೂ ತಾನೇ ಸೇರಿಸುತ್ತದೆ. ಚ್‌ಮಾಡ್ (ಮೋಡ್ ಬದಲಿಸುವ ಕಮಾಂಡ್) ಹಾಗೆ ಸೇರಿಸುವುದಿಲ್ಲ. ಆದ್ದರಿಂದ ಫೈಲ್‌ಗಳಿಗೆ ಒಂದು ಫೈಂಡ್, ಫೋಲ್ಡರ್‌ಗಳಿಗೆ ಇನ್ನೊಂದು ಫೈಂಡ್ ಬರೆಯಿರಿ.

ಗ್ರೂಪ್ ಮಾತ್ರ ಸರಿ ಇದ್ದರೆ ಸಾಕು ಅನ್ನುವವರಿಗೆ ಸೆಟ್‌ಜಿಐಡಿ ಬಿಟ್ ಒಳ್ಳೆಯದು. ಫೋಲ್ಡರ್‌ಗೆ 2770 ಕೊಟ್ಟರೆ ಒಳಗೆ ಹುಟ್ಟುವ ಹೊಸ ಫೈಲ್‌ಗೆ ಫೋಲ್ಡರ್‌ನ ಗ್ರೂಪೇ ಬರುತ್ತದೆ. ಅದೇ ಡಿಸ್ಕ್‌ನ ಬೇರೆ ಕಡೆಯಿಂದ ಮೂವ್ ಮಾಡಿ ತಂದ ಫೈಲ್ ಮಾತ್ರ ಹಳೆಯ ಗ್ರೂಪನ್ನೇ ಉಳಿಸಿಕೊಳ್ಳುತ್ತದೆ. ಅವುಗಳಿಗಾಗಿ ಆ ಫೈಂಡ್ ಉಳಿಸಿಕೊಳ್ಳಿ, ದಿನಕ್ಕೊಮ್ಮೆ ಓಡಿದರೆ ಸಾಕು.